ಸ್ತ್ರೀಧನದಿಂದ ನಿವೃತ್ತಿವೇತನದವರೆಗೆ: ಕನ್ನಡನಾಡಿನ ಸ್ತ್ರೀಯರ ಆರ್ಥಿಕ ಭದ್ರತೆಯ ಇತಿಹಾಸ

೧. ಪ್ರಸ್ತಾವನೆ

ಸ್ತ್ರೀಯರ ಸ್ಥಾನಮಾನವನ್ನು ಕುರಿತು ನಮ್ಮ ಇತಿಹಾಸಗ್ರಂಥಗಳಲ್ಲಿ ಬಂದಿರುವ ಬರವಣಿಗೆ ಸ್ವಲ್ಪವಲ್ಲ. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆ, ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ನಿರ್ಮಿಸಿದ ಶಾಂತಲದೇವಿ, ನಾಡುಗಳ ಆಡಳಿತವನ್ನು ವಹಿಸಿದ್ದ ಚಾಲುಕ್ಯ ರಾಜಪುತ್ರಿ ಅಕ್ಕಾದೇವಿ, ಇವರ ಶಾಸನಗಳನ್ನು ಉದಾಹರಿಸಿ, ಪ್ರಾಚೀನ ಕರ್ನಾಟಕದಲ್ಲಿ ಸ್ತ್ರೀಯರಿಗೆ ಉನ್ನತ ಸ್ಥಾನವಿದ್ದಿತೆಂದು ಹೇಳುವುದು ವಾಡಿಕೆಯಾಗಿದೆ. ದಾನ ಮಾಡಬೇಕಾದರೆ ದಾನಿಗೆ ಸ್ವತ್ತಿರಬೇಕು. ಆದುದರಿಂದ ಆ ಕಾಲದ ಕೆಲವು ಸ್ತ್ರೀಯರ ಕೈಯಲ್ಲಿ ಸ್ವತ್ತಿದ್ದಿತೆಂಬುದು ನಿರ್ವಿವಾದ. ಆದರೆ ಇವರು ಅರಮನೆಗಾಗಲಿ ದಂಡನಾಯಕರ ಮನೆತನಗಳಿಗಾಗಲಿ ಸೇರಿದವರು. ಹೊಲದಲ್ಲಿ ಕಳೆ ಕಿತ್ತವಳು, ರಾಟೆಯ ಮುಂದೆ ಕುಳಿತವಳು, ಭತ್ತ ಕುಟ್ಟಿದವಳು ಮುಪ್ಪಿನಲ್ಲಿ ಯಾವುದನ್ನು ನಂಬಿ ಬದುಕಿದಳು? ಈ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಲ್ಲ.

ಸ್ತ್ರೀಯ ಆರ್ಥಿಕ ಭದ್ರತೆಗೆ ಇತಿಹಾಸದಲ್ಲಿ ಮೂರು ಆಧಾರಗಳು ಕಂಡುಬರುತ್ತವೆ. ಮೊದಲನೆಯದು ಆಶ್ರಯ, ಎಂದರೆ ತಂದೆ, ಗಂಡ, ಮಗ ಇವರಿಂದ ದೊರೆಯುವ ಅನ್ನವಸ್ತ್ರ ಮತ್ತು ಜೀವನಾಂಶ. ಎರಡನೆಯದು ಸ್ವಾಮ್ಯ, ಎಂದರೆ ಆಸ್ತಿಯ ಒಡೆತನ. ಮೂರನೆಯದು ಸ್ವಂತ ದುಡಿಮೆ ಮತ್ತು ಆ ದುಡಿಮೆಯ ಫಲವಾಗಿ ವೃದ್ಧಾಪ್ಯದಲ್ಲಿ ದೊರೆಯುವ ನಿವೃತ್ತಿವೇತನ. ಈ ಮೂರರ ಪರಸ್ಪರ ಸಂಬಂಧವು ಕಾಲಕಾಲಕ್ಕೆ ಹೇಗೆ ಮಾರ್ಪಟ್ಟಿತೆಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಆಸ್ತಿಯ ವಿಚಾರದಲ್ಲಿ ನಮ್ಮ ವಿವೇಚನೆ ಮುಖ್ಯವಾಗಿ ಹಿಂದೂ ನ್ಯಾಯಕ್ಕೆ ಸೀಮಿತವಾಗಿದೆ. ಮುಸ್ಲಿಂ ಮತ್ತು ಕ್ರೈಸ್ತ ಸ್ತ್ರೀಯರ ದಾಯಹಕ್ಕಿನ ಇತಿಹಾಸಕ್ಕೆ ಪ್ರತ್ಯೇಕ ಲೇಖನವೇ ಬೇಕು.

೨. ಕಲ್ಯಾಣದ ಎರಡು ಪರಂಪರೆಗಳು

ಈ ಇತಿಹಾಸದ ಮುಖ್ಯ ಗ್ರಂಥವೊಂದು ಕನ್ನಡನಾಡಿನಲ್ಲಿಯೇ ಹುಟ್ಟಿತೆಂಬುದು ಗಮನಾರ್ಹ. ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬–೧೧೨೬) ಆಶ್ರಯದಲ್ಲಿದ್ದವನು. ಸ್ಮೃತಿಯು ಸ್ತ್ರೀಧನವನ್ನು ಹೇಳುವಾಗ ತಂದೆ, ತಾಯಿ, ಗಂಡ, ಸೋದರರು ಕೊಟ್ಟದ್ದು, ವಿವಾಹಾಗ್ನಿಯ ಮುಂದೆ ಬಂದದ್ದು ಮುಂತಾದುವನ್ನು ಎಣಿಸಿ, ಕೊನೆಗೆ ‘ಆದಿ’ ಎಂಬ ಅರ್ಥದ ಪದವೊಂದನ್ನು ಇಟ್ಟಿದೆ. ವಿಜ್ಞಾನೇಶ್ವರನು ಆ ಚಿಕ್ಕ ಪದವನ್ನೇ ಹಿಡಿದು, ದಾಯವಾಗಿ ಬಂದದ್ದು, ಕ್ರಯಕ್ಕೆ ಪಡೆದದ್ದು, ವಿಭಾಗದಲ್ಲಿ ದೊರೆತದ್ದು ಇವೆಲ್ಲವೂ ಸ್ತ್ರೀಧನವೇ ಎಂದು ವಿಸ್ತಾರವಾದ ಅರ್ಥವನ್ನು ಮಾಡಿದನು. ಸ್ತ್ರೀಧನವೆಂಬುದು ಪಾರಿಭಾಷಿಕ ಶಬ್ದವಲ್ಲ, ಸ್ತ್ರೀಗೆ ಸೇರಿದ ಧನವೆಲ್ಲವೂ ಸ್ತ್ರೀಧನವೆಂಬುದು ಅವನ ನಿಲುವು. ಗಂಡುಸಂತಾನವಿಲ್ಲದೆ, ವಿಭಕ್ತನಾಗಿ ಸತ್ತವನ ಸ್ವತ್ತು ಸಂಪೂರ್ಣವಾಗಿ ಹೆಂಡತಿಗೆ ಸಲ್ಲಬೇಕೆಂಬುದನ್ನೂ ಅವನು ಎದುರುಪಕ್ಷಗಳನ್ನು ಖಂಡಿಸಿ ಸ್ಥಾಪಿಸಿರುವನು.

ಆದರೆ ಈ ಔದಾರ್ಯಕ್ಕೆ ಎರಡು ಮಿತಿಗಳಿದ್ದುವು. ಒಂದು, ಗಂಡನು ಅವಿಭಕ್ತ ಕುಟುಂಬದಲ್ಲಿಯೇ ಸತ್ತರೆ ವಿಧವೆಗೆ ದಾಯವಿಲ್ಲ, ಜೀವನಾಂಶ ಮಾತ್ರ. ಅವಿಭಕ್ತ ಕುಟುಂಬವು ಪ್ರಬಲವಾಗಿದ್ದಲ್ಲೆಲ್ಲ ಈ ನಿಯಮದಿಂದ ವಿಧವೆಯ ಹಕ್ಕು ಕುಗ್ಗಿಹೋಗುತ್ತಿದ್ದಿತು. ಎರಡು, ಕ್ಷಾಮ, ರೋಗ, ಧರ್ಮಕಾರ್ಯ, ಬಂಧನ ಇಂತಹ ಸಂದರ್ಭಗಳಲ್ಲಿ ಗಂಡನು ಸ್ತ್ರೀಧನವನ್ನು ತೆಗೆದುಕೊಂಡರೆ ಹಿಂದಕ್ಕೆ ಕೊಡಬೇಕಾದುದಿಲ್ಲವೆಂದು ಸ್ಮೃತಿಯೇ ಹೇಳಿದ್ದಿತು. ಕಷ್ಟಕಾಲಕ್ಕೆಂದು ಇಟ್ಟ ಒಡವೆಯು ಕಷ್ಟಕಾಲದಲ್ಲಿಯೇ ಅವಳ ಕೈಬಿಟ್ಟುಹೋಗಬಹುದಾಗಿದ್ದಿತು.

ದುಡಿಮೆಯ ವಿಷಯದಲ್ಲಿ ಧರ್ಮಶಾಸ್ತ್ರಕಾರರು ಇನ್ನೂ ಬಿಗಿಯಾಗಿದ್ದರು. ಹೆಂಡತಿಯು ಗಳಿಸಿದ್ದು ಅವಳ ಒಡೆಯನದೆಂಬ ಅರ್ಥದ ಮಾತು ಮನುಸ್ಮೃತಿಯಲ್ಲಿದೆ. ಶಿಲ್ಪದಿಂದ, ಎಂದರೆ ಕೈಕೆಲಸದಿಂದ, ಸ್ತ್ರೀಯು ಸಂಪಾದಿಸಿದ ಧನದಲ್ಲಿ ಗಂಡನಿಗೆ ಸ್ವಾಮ್ಯವಿದೆಯೆಂದು ಕಾತ್ಯಾಯನನ ಮತ. ಬಂಧುಗಳು ಪ್ರೀತಿಯಿಂದ ಕೊಟ್ಟದ್ದು ಅವಳದು. ತಾನೇ ಬೆವರು ಸುರಿಸಿ ಗಳಿಸಿದ್ದು ಅವಳದಲ್ಲ! ಈ ವೈಚಿತ್ರ್ಯವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಎಲ್ಲ ಶತಮಾನಗಳ ಇತಿಹಾಸದಲ್ಲಿಯೂ ಇದರ ನೆರಳು ಕಾಣುತ್ತದೆ.

ಸ್ತ್ರೀಯರ ಕೂಲಿಯನ್ನು ನೇರವಾಗಿ ಚರ್ಚಿಸುವ ಪ್ರಾಚೀನ ಗ್ರಂಥವೆಂದರೆ ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಶೋಧಿಸಿ ೧೯೦೯ರಲ್ಲಿ ಪ್ರಕಟಿಸಿದ ಈ ಗ್ರಂಥದಲ್ಲಿ ಸೂತ್ರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳು ಬರುತ್ತವೆ. ವಿಧವೆಯರು, ಅಂಗಹೀನರು, ಮುದಿಯಾದ ರಾಜದಾಸಿಯರು, ದೇವಾಲಯದ ಸೇವೆಯಿಂದ ನಿಂತ ದೇವದಾಸಿಯರು ಇವರಿಂದ ನೂಲು ತೆಗೆಸಬೇಕು. ನೂಲಿನ ಗುಣವನ್ನು ನೋಡಿ ಕೂಲಿ ಕೊಡಬೇಕು. ಕೂಲಿ ಕೊಡುವುದರಲ್ಲಿ ತಡಮಾಡಿದ ಅಧಿಕಾರಿಗೆ ದಂಡ ವಿಧಿಸಬೇಕು ಎಂಬುದು ಅಲ್ಲಿಯ ವಿಧಾನ. ವೃದ್ಧಾಪ್ಯಕ್ಕೆ ಇಲ್ಲಿ ದೊರೆಯುವುದು ವಿಶ್ರಾಂತಿಯಲ್ಲ, ಮತ್ತೊಂದು ಕೆಲಸ. ಆದರೂ ದುಡಿಯುವ ವೃದ್ಧೆಯ ವಿಚಾರವನ್ನು ರಾಜ್ಯವು ಯೋಚಿಸಬೇಕೆಂಬ ಭಾವನೆ ಇದರಲ್ಲಿದೆ.

ವಿಜ್ಞಾನೇಶ್ವರನ ತರುವಾಯ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಇನ್ನೊಂದು ಪರಂಪರೆ ತಲೆಯೆತ್ತಿತು. ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳೇ ಇಲ್ಲಿ ಸಾಕ್ಷಿ. ಕದಿರೆ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳಲ್ಲಿ ನೂಲುವ, ಭತ್ತ ಕುಟ್ಟುವ, ಅಕ್ಕಿಯನ್ನು ಆಯುವ ಕಾಯಕಗಳು ಅಂಕಿತವಾಗಿವೆ. ಸ್ತ್ರೀಯನ್ನು ಅವಳ ತಂದೆಯ ಅಥವಾ ಗಂಡನ ಹೆಸರಿನಿಂದಲ್ಲದೆ ಅವಳ ಕೆಲಸದಿಂದಲೇ ಗುರುತಿಸಿದುದು ಸಾಮಾನ್ಯವಾದ ಸಂಗತಿಯಲ್ಲ. ಆದರೆ ಕಾಯಕದ ಗೌರವವು ಕಾಯಕದ ಫಲದ ಮೇಲಣ ವ್ಯವಹಾರಿಕ ಹಕ್ಕಾಗಿ ನ್ಯಾಯಸ್ಥಾನಗಳವರೆಗೆ ಬರಲಿಲ್ಲ. ದೇಶದ ಬಹುಭಾಗದ ನ್ಯಾಯನಿರ್ಣಯಕ್ಕೆ ಆಧಾರವಾದುದು ಮಿತಾಕ್ಷರಾ, ವಚನಗಳಲ್ಲ.

೩. ನ್ಯಾಯಸ್ಥಾನಗಳಲ್ಲಿ ಸಂಕೋಚ

ಬ್ರಿಟಿಷರ ಆಳಿಕೆಯಲ್ಲಿ ಮಿತಾಕ್ಷರಾ ಇಂಗ್ಲಿಷಿಗೆ ಅನುವಾದವಾಗಿ ನ್ಯಾಯಾಧೀಶರ ಕೈಸೇರಿತು. ಆದರೆ ವಿಜ್ಞಾನೇಶ್ವರನ ವಿಸ್ತಾರವಾದ ಅರ್ಥವು ಅಲ್ಲಿ ಉಳಿಯಲಿಲ್ಲ. ಗಂಡನಿಂದ ದಾಯವಾಗಿ ಬಂದ ಸ್ವತ್ತು ಸ್ತ್ರೀಧನವಲ್ಲವೆಂದು ೧೮೬೭ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಸ್ತ್ರೀಯಿಂದ ಸ್ತ್ರೀಗೆ ಬಂದ ದಾಯಕ್ಕೂ ಇದೇ ನ್ಯಾಯವನ್ನು ೧೯೦೩ರಲ್ಲಿ ಅನ್ವಯಿಸಿತು. ಇದರಿಂದ ‘ವಿಧವೆಯ ಸೀಮಿತ ಸ್ವತ್ತು’ ಎಂಬ ಭಾವನೆ ಗಟ್ಟಿಯಾಯಿತು. ಅವಳು ಜೀವವಿರುವವರೆಗೆ ಉತ್ಪನ್ನವನ್ನು ಅನುಭವಿಸಬಹುದು. ಕಾನೂನು ಒಪ್ಪುವ ಅವಶ್ಯಕತೆಯಿಲ್ಲದೆ ಮಾರಲಾಗದು. ಅವಳು ಸತ್ತ ಮೇಲೆ ಸ್ವತ್ತು ಗಂಡನ ವಾರಸುದಾರರಿಗೆ ಹೋಗುವುದು.

ಕನ್ನಡಿಗರು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಕನ್ನಡ ಸ್ತ್ರೀಯರ ಹಕ್ಕೂ ಊರಿನಿಂದ ಊರಿಗೆ ಬೇರೆಯಾಗಿದ್ದಿತು. ಮುಂಬಯಿ ಪ್ರಾಂತದ ಸಂಪ್ರದಾಯದಲ್ಲಿ, ಎಂದರೆ ಧಾರವಾಡ, ಬೆಳಗಾವಿ, ಬಿಜಾಪುರ ಕಡೆಗಳಲ್ಲಿ, ಮಗಳಿಗೆ ಬಂದ ದಾಯವು ಅವಳಿಗೆ ಸಂಪೂರ್ಣ ಸ್ವತ್ತಾಗುತ್ತಿದ್ದಿತು. ಮದರಾಸಿನ ಸಂಪ್ರದಾಯದಲ್ಲಿ ಆಗುತ್ತಿರಲಿಲ್ಲ. ದಕ್ಷಿಣ ಕನ್ನಡದ ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿಯು ತಾಯಿಯ ಕವಲನ್ನು ಹಿಡಿದು ಸಾಗುತ್ತಿದ್ದಿತು.

ದುಡಿಮೆಯ ಹಕ್ಕಿನ ವಿಷಯದಲ್ಲಿ ೧೮೭೪ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯಿದೆ ಸ್ಮರಣೀಯ. ವಿವಾಹಿತ ಸ್ತ್ರೀಯ ಕೂಲಿ ಮತ್ತು ಸಂಪಾದನೆ ಅವಳ ಪ್ರತ್ಯೇಕ ಸ್ವತ್ತೆಂದು ಈ ಕಾಯಿದೆ ಸ್ಪಷ್ಟವಾಗಿ ಸಾರಿತು. ಆದರೆ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನ ಮತಗಳ ಸ್ತ್ರೀಯರಿಗೆ ಇದು ಅನ್ವಯಿಸದೆಂದು ಅದರಲ್ಲಿಯೇ ಹೇಳಿದ್ದಿತು. ಭಾರತಕ್ಕಾಗಿ ಮಾಡಿದ ಕಾಯಿದೆಯಿಂದ ಭಾರತದ ಬಹುಪಾಲು ಸ್ತ್ರೀಯರೇ ಹೊರಗುಳಿದರು.

೪. ಮೈಸೂರಿನ ೧೯೩೩ರ ಶಾಸನ ಮತ್ತು ತರುವಾಯ

ಈ ಸ್ಥಿತಿಯಲ್ಲಿ ಮೈಸೂರು ಸಂಸ್ಥಾನವು ೧೯೩೩ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು (ಆ ವರ್ಷದ ಹತ್ತನೆಯ ಕಾಯಿದೆ) ತಂದುದು ಮಹತ್ತ್ವದ ಘಟನೆ. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿಯೂ ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿಯೂ ಇದ್ದ ಕಾಲವದು. ಅವಿಭಕ್ತ ಕುಟುಂಬದ ವಿಭಾಗವಾದಾಗ ತಾಯಿ, ಗಂಡುಸಂತಾನವಿಲ್ಲದೆ ಸತ್ತವನ ವಿಧವೆ ಮತ್ತು ಅವಿವಾಹಿತ ಹೆಣ್ಣುಮಕ್ಕಳು ಇವರಿಗೂ ಪಾಲಿರಬೇಕೆಂದು ಈ ಕಾಯಿದೆ ವಿಧಿಸಿತು. ವಿಧವೆಗೆ ಗಂಡನು ಬದುಕಿದ್ದರೆ ಬರುತ್ತಿದ್ದ ಪಾಲಿನ ಅರ್ಧ, ತಾಯಿಗೆ ಮಗನ ಪಾಲಿನ ಅರ್ಧ, ಅವಿವಾಹಿತ ಮಗಳಿಗೆ ಸೋದರನ ಪಾಲಿನ ನಾಲ್ಕನೆಯ ಒಂದು ಭಾಗ ಎಂಬುದು ಅದರ ಲೆಕ್ಕ. ಸ್ತ್ರೀಧನದ ಅರ್ಥವನ್ನೂ ಅದು ಮತ್ತೆ ವಿಸ್ತರಿಸಿತು. ಮಗಳಾಗಲಿ ಮಗಳ ಮಗನಾಗಲಿ ಇಲ್ಲದ ಪಕ್ಷದಲ್ಲಿ, ಗಂಡನಿಂದ ದಾಯವಾಗಿ ಬಂದದ್ದು ಸಹ ಸ್ತ್ರೀಧನವೆನಿಸಿತು.

ಈ ಪಾಲುಗಳು ಸಮಾನವಲ್ಲವೆಂಬುದು ಸ್ಪಷ್ಟ. ವಿವಾಹಿತ ಮಗಳಿಗೆ ಈ ವಿಭಾಗದಲ್ಲಿ ಏನೂ ಇಲ್ಲ. ಆದರೂ ‘ಜೀವನಾಂಶ’ ಎಂಬ ಮಾತಿನ ಸ್ಥಾನದಲ್ಲಿ ‘ಪಾಲು’ ಎಂಬ ಮಾತು ಬಂದಿತು. ಜೀವನಾಂಶವನ್ನು ಬೇಡಬೇಕು, ಪಾಲನ್ನು ಕೇಳಬಹುದು. ಬ್ರಿಟಿಷ್ ಇಂಡಿಯದಲ್ಲಿ ವಿಧವೆಗೆ ಮಗನ ಸಮನಾದ ಭಾಗವನ್ನು, ಅದೂ ಸೀಮಿತ ಸ್ವತ್ತಾಗಿ, ಕೊಟ್ಟ ಕಾಯಿದೆ ಬಂದುದು ೧೯೩೭ರಲ್ಲಿ.

ಹಿಂದೂ ನ್ಯಾಯವನ್ನು ಕ್ರೋಡೀಕರಿಸಲು ೧೯೪೧ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರು ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು. ಹಿಂದೂ ಸಂಹಿತೆಯ ವಿಧೇಯಕವು ಮುಂದುವರಿಯದೆ ಹೋದುದು ೧೯೫೧ರಲ್ಲಿ ಡಾ. ಅಂಬೇಡ್ಕರ್ ಅವರು ಮಂತ್ರಿಪದವಿಯನ್ನು ಬಿಟ್ಟುದಕ್ಕೆ ಮುಖ್ಯ ಕಾರಣಗಳಲ್ಲೊಂದು. ಕೊನೆಗೆ ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಹದಿನಾಲ್ಕನೆಯ ಪ್ರಕರಣವು ಸೀಮಿತ ಸ್ವತ್ತಿನ ಭಾವನೆಯನ್ನು ತೊಡೆದುಹಾಕಿತು. ಸ್ತ್ರೀಗೆ ಪೂರ್ಣ ಸ್ವಾಮ್ಯವಿರುವ ಸ್ವತ್ತುಗಳನ್ನು ಎಣಿಸುವಾಗ ಈ ಪ್ರಕರಣವು ದಾಯ, ವಿಭಾಗ, ಕ್ರಯಗಳ ಜೊತೆಗೆ ಅವಳ ಸ್ವಂತ ಕುಶಲತೆಯಿಂದ ಮತ್ತು ಪರಿಶ್ರಮದಿಂದ ಗಳಿಸಿದುದನ್ನೂ ಸೇರಿಸಿದೆ. ವಿಜ್ಞಾನೇಶ್ವರನ ಪಟ್ಟಿಯನ್ನು ಇದು ಹೋಲುತ್ತದೆ. ಕಾತ್ಯಾಯನನ ಮತವನ್ನು ನೇರವಾಗಿ ಅಲ್ಲಗಳೆಯುತ್ತದೆ. ಎಂಟು ಶತಮಾನಗಳ ತರುವಾಯ ನಾವು ಕಲ್ಯಾಣದ ಪಂಡಿತನಿದ್ದ ಸ್ಥಳಕ್ಕೆ ಬಂದು, ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟೆವು.

ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಬರಲು ಮತ್ತೆ ಕಾಯಬೇಕಾಯಿತು. ಕರ್ನಾಟಕವು ೧೯೯೪ರ ತಿದ್ದುಪಡಿಯಿಂದ ಇದನ್ನು ಕೊಟ್ಟಿತು; ಆದರೆ ಆ ತಿದ್ದುಪಡಿಗೆ ಮುಂಚೆ ವಿವಾಹವಾದವರನ್ನು ಹೊರಗಿಟ್ಟಿತು. ಕೇಂದ್ರದ ೨೦೦೫ರ ತಿದ್ದುಪಡಿ ಈ ಭೇದವನ್ನು ನಿವಾರಿಸಿತು. ಆ ತಿದ್ದುಪಡಿಯ ದಿನ ತಂದೆಯು ಬದುಕಿರಬೇಕಾದ ಅವಶ್ಯಕತೆಯಿಲ್ಲವೆಂದು ೨೦೨೦ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂಶಯವನ್ನು ಪರಿಹರಿಸಿತು.

೫. ಸಮಾನ ವೇತನ, ಅಸಮಾನ ನಿವೃತ್ತಿ

ಆದರೆ ಪಾಲಾಗಲು ಆಸ್ತಿಯೇ ಇಲ್ಲದ ಮನೆಯ ಹೆಣ್ಣುಮಗಳಿಗೆ ಈ ಕಾಯಿದೆಗಳಿಂದ ಏನು ಬಂದಿತು? ಅವಳಿಗಿರುವುದು ಮೂರನೆಯ ಆಧಾರವೊಂದೇ, ದುಡಿಮೆ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಸಮಾನ ಕೆಲಸಕ್ಕೆ ಸಮಾನ ವೇತನವನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಇರಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ೧೯೫೧ರ ಸಮಾನ ವೇತನದ ಒಡಂಬಡಿಕೆಯನ್ನು ಭಾರತವು ೧೯೫೮ರಲ್ಲಿ ಅಂಗೀಕರಿಸಿತು. ಆದರೂ ಇದಕ್ಕಾಗಿ ಪ್ರತ್ಯೇಕ ಶಾಸನ ಬಂದುದು, ಸ್ತ್ರೀಯರ ಸ್ಥಾನಮಾನ ಸಮಿತಿಯು ೧೯೭೪ರಲ್ಲಿ ವರದಿಯನ್ನು ಒಪ್ಪಿಸಿದ ಮೇಲೆ, ೧೯೭೫ರ ಆಜ್ಞೆ ಮತ್ತು ೧೯೭೬ರ ಕಾಯಿದೆಯ ರೂಪದಲ್ಲಿ. ಈಗ ಆ ಕಾಯಿದೆಯ ಸ್ಥಾನದಲ್ಲಿ ೨೦೧೯ರ ವೇತನ ಸಂಹಿತೆಯು ೨೦೨೫ರ ನವೆಂಬರಿನಿಂದ ಜಾರಿಗೆ ಬಂದಿದೆ.

ವೇತನಕ್ಕಿಂತಲೂ ಸೂಕ್ಷ್ಮವಾದುದು ಸೇವೆಯ ಅವಧಿಯ ಪ್ರಶ್ನೆ. ನಿವೃತ್ತಿವೇತನವು ಸೇವೆಯ ವರ್ಷಗಳ ಫಲ. ಆ ವರ್ಷಗಳನ್ನು ಕತ್ತರಿಸಿದರೆ ಮುಪ್ಪಿನ ಅನ್ನವನ್ನೇ ಕತ್ತರಿಸಿದಂತೆ. ಕೊಡಗಿನ ಸಿ. ಬಿ. ಮುತ್ತಮ್ಮನವರು ೧೯೪೯ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಪ್ರಥಮ ಮಹಿಳೆ. ಮದುವೆಯಾಗಬೇಕಾದರೆ ಸ್ತ್ರೀ ಅಧಿಕಾರಿಯು ಸರಕಾರದ ಅನುಮತಿಯನ್ನು ಪಡೆಯಬೇಕು, ಮದುವೆಯ ತರುವಾಯ ಅಗತ್ಯವೆನಿಸಿದರೆ ರಾಜೀನಾಮೆ ಕೊಡಬೇಕು ಎಂಬ ನಿಯಮಗಳು ಆ ಸೇವೆಯಲ್ಲಿದ್ದುವು. ಪುರುಷರಿಗೆ ಅಂತಹ ನಿಯಮವಿರಲಿಲ್ಲ. ಬಡತಿಯಲ್ಲಿ ತಮಗೆ ಅನ್ಯಾಯವಾಯಿತೆಂದು ಅವರು ಹೂಡಿದ ದಾವೆಯಲ್ಲಿ ೧೯೭೯ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಈ ನಿಯಮಗಳ ಪಕ್ಷಪಾತವನ್ನು ತೀವ್ರವಾಗಿ ಖಂಡಿಸಿದರು.

ಎರಡು ವರ್ಷಗಳ ಮೇಲೆ, ೧೯೮೧ರಲ್ಲಿ, ವಿಮಾನ ಪರಿಚಾರಿಕೆಯರ ವ್ಯಾಜ್ಯವು ಅದೇ ನ್ಯಾಯಾಲಯದ ಮುಂದೆ ಬಂದಿತು. ಏರ್ ಇಂಡಿಯದಲ್ಲಿ ಪುರುಷ ಪರಿಚಾರಕರ ನಿವೃತ್ತಿಯ ವಯಸ್ಸು ೫೮. ಸ್ತ್ರೀಯರದು ೩೫, ಇಲ್ಲವೆ ಮೊದಲ ಗರ್ಭಧಾರಣೆ, ಇಲ್ಲವೆ ಸೇವೆಗೆ ಸೇರಿದ ನಾಲ್ಕು ವರ್ಷಗಳೊಳಗಿನ ಮದುವೆ, ಇವುಗಳಲ್ಲಿ ಯಾವುದು ಮೊದಲೋ ಅದು. ಗರ್ಭಧಾರಣೆಯ ನಿಯಮವನ್ನೂ, ೩೫ರ ಮೇಲೆ ಸೇವೆಯನ್ನು ಮುಂದುವರಿಸುವುದನ್ನು ವ್ಯವಸ್ಥಾಪಕರ ಇಷ್ಟಕ್ಕೆ ಬಿಟ್ಟ ನಿಯಮವನ್ನೂ ನ್ಯಾಯಾಲಯವು ರದ್ದುಗೊಳಿಸಿತು; ಮದುವೆಯ ನಿಯಮವನ್ನು ಮಾತ್ರ ಉಳಿಸಿತು. ಜಯವು ಅರ್ಧ ಜಯ.

೬. ಭವಿಷ್ಯನಿಧಿ ಮತ್ತು ಬೆಂಗಳೂರಿನ ಉಡುಪು ಕಾರ್ಮಿಕರು

ನಿವೃತ್ತಿವೇತನದ ಯೋಜನೆಗಳಲ್ಲಿ ಸ್ತ್ರೀಯು ಬಹುಕಾಲ ಕಾಣಿಸಿಕೊಂಡುದು ಹೆಚ್ಚಾಗಿ ದುಡಿದವಳಾಗಿ ಅಲ್ಲ, ದುಡಿದವನ ವಿಧವೆಯಾಗಿ. ಕೇಂದ್ರ ಸರಕಾರದ ೧೯೬೪ರ ಕುಟುಂಬ ನಿವೃತ್ತಿವೇತನವೂ ಕೈಗಾರಿಕಾ ನೌಕರರ ೧೯೭೧ರ ಕುಟುಂಬ ನಿವೃತ್ತಿವೇತನವೂ ಅನೇಕ ಸ್ತ್ರೀಯರಿಗೆ ಆಧಾರವಾದುವೆಂಬುದು ನಿಜ. ಆದರೆ ಇವು ಮೇಲೆ ಹೇಳಿದ ಮೊದಲನೆಯ ಆಧಾರದ, ಎಂದರೆ ಆಶ್ರಯದ, ಹೊಸ ರೂಪ. ೧೯೫೨ರ ಭವಿಷ್ಯನಿಧಿ ಯೋಜನೆಯಲ್ಲಿ ಒಂದು ವಿಶೇಷವಿದ್ದಿತು. ಕೆಲಸ ಬಿಟ್ಟವರು ಹಣವನ್ನು ಪಡೆಯಲು ಎರಡು ತಿಂಗಳು ಕಾಯಬೇಕಾಗಿದ್ದರೂ, ಮದುವೆಗಾಗಿ ಕೆಲಸ ಬಿಡುವ ಸ್ತ್ರೀಯರು ಕಾಯಬೇಕಾಗಿರಲಿಲ್ಲ. ಮದುವೆಯಾದೊಡನೆ ಹೆಣ್ಣು ಕೆಲಸ ಬಿಡುವಳೆಂಬ ನಿರೀಕ್ಷೆಯನ್ನು ಈ ಸೌಕರ್ಯವು ಹೊರಗೆಡಹುತ್ತದೆ. ೧೯೯೫ರ ನಿವೃತ್ತಿವೇತನ ಯೋಜನೆಯಾದರೋ ಕನಿಷ್ಠ ಹತ್ತು ವರ್ಷಗಳ ಸೇವೆಯನ್ನು ಕೇಳಿತು. ಹೆರಿಗೆಗೆ, ಮಗುವಿನ ಪಾಲನೆಗೆ, ಅತ್ತೆಮಾವಂದಿರ ಶುಶ್ರೂಷೆಗೆ ಎಂದು ಮತ್ತೆ ಮತ್ತೆ ಕೆಲಸ ಬಿಟ್ಟು, ಬಿಟ್ಟಾಗಲೆಲ್ಲ ಹಣವನ್ನು ಹಿಂತೆಗೆದುಕೊಂಡವಳಿಗೆ ಈ ಹತ್ತು ವರ್ಷಗಳು ಕೂಡಿಬರುವುದು ಕಷ್ಟ.

೨೦೧೬ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ನಡೆದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದೇ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು, ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು ೫೮ ವರ್ಷಗಳವರೆಗೆ ಹಿಂತೆಗೆಯಲಾಗದೆಂಬ ಪ್ರಕಟಣೆಯನ್ನು ಹೊರಡಿಸಿದ್ದಿತು. ಸಾವಿರಾರು ಉಡುಪು ಕಾರ್ಮಿಕರು, ಅವರಲ್ಲಿ ಬಹುಪಾಲು ಸ್ತ್ರೀಯರು, ಏಪ್ರಿಲ್ ೧೮ ಮತ್ತು ೧೯ರಂದು ಕಾರ್ಖಾನೆಗಳನ್ನು ಬಿಟ್ಟು ಹೆದ್ದಾರಿಗಳಿಗೆ ಬಂದರು. ೧೯ರಂದೇ ಸರಕಾರವು ಆ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಿತು. ವೃದ್ಧಾಪ್ಯಕ್ಕಾಗಿ ಹಣವನ್ನು ಉಳಿಸಬೇಕೆಂಬ ಸರಕಾರದ ತರ್ಕದಲ್ಲಿ ತಪ್ಪಿರಲಿಲ್ಲ. ಆದರೆ ೫೮ರವರೆಗೆ ಹೊಲಿಗೆಯ ಯಂತ್ರದ ಮುಂದೆ ಕುಳಿತಿರುವೆನೆಂದು ನಂಬಲಾರದವಳಿಗೆ ಆ ಹಣವು ಎರಡು ಕೆಲಸಗಳ ನಡುವಣ ಅನ್ನವಾಗಿದ್ದಿತು, ಮಗಳ ಶಾಲೆಯ ಫೀಸಾಗಿದ್ದಿತು, ಸಾಲದ ತೀರುವೆಯಾಗಿದ್ದಿತು. ಪ್ರತಿಭಟನೆಯಿಂದ ಅವಳು ಇಂದಿನ ಭದ್ರತೆಯನ್ನು ಉಳಿಸಿಕೊಂಡಳು. ಮುಪ್ಪಿನ ಭದ್ರತೆಯು ಇದ್ದಲ್ಲಿಯೇ ಉಳಿಯಿತು. ಸ್ಮೃತಿಕಾಲದ ಒಡವೆಯಂತೆ ಈ ನಿಧಿಯೂ ಕಷ್ಟಕಾಲದಲ್ಲಿ ಕರಗುವ ಸ್ತ್ರೀಧನವೇ ಆಗಿದೆ.

೭. ‘ಗೌರವಧನ’ ಎಂಬ ಶಬ್ದ

ಒಂದು ಶಬ್ದದ ಚರಿತ್ರೆಯನ್ನು ಹೇಳಿ ಈ ವಿವೇಚನೆಯನ್ನು ಮುಗಿಸಬಹುದು. ೧೯೭೫ರ ಅಕ್ಟೋಬರ್ ೨ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊದಲು ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಈ ಯೋಜನೆಯ ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡುವ ಹಣವನ್ನು ವೇತನವೆನ್ನದೆ ಗೌರವಧನವೆಂದು ಕರೆದರು. ಹೆಸರು ಗೌರವದ್ದು, ಆದರೆ ವೇತನವಿಲ್ಲದ ಕಡೆ ಹುದ್ದೆಯಿಲ್ಲ, ಹುದ್ದೆಯಿಲ್ಲದ ಕಡೆ ನಿವೃತ್ತಿವೇತನವಿಲ್ಲ. ಕರ್ನಾಟಕದಿಂದಲೇ ಹೋದ ವ್ಯಾಜ್ಯವೊಂದರಲ್ಲಿ, ಇವರದು ಸರಕಾರಿ ಹುದ್ದೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೦೬ರ ಡಿಸೆಂಬರಿನಲ್ಲಿ ತೀರ್ಮಾನಿಸಿತು. ಗುಜರಾತಿನ ವ್ಯಾಜ್ಯದಲ್ಲಿ ೨೦೨೨ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯವು, ೧೯೭೨ರ ಕಾಯಿದೆಯಂತೆ ಇವರು ಗ್ರಾಚ್ಯುಯಿಟಿಗೆ ಅರ್ಹರೆಂದೂ ಇವರು ಪಡೆಯುವ ಗೌರವಧನವು ಆ ಕಾಯಿದೆಯ ಅರ್ಥದಲ್ಲಿ ವೇತನವೇ ಎಂದೂ ನಿರ್ಣಯಿಸಿತು. ದುಡಿಮೆಗೆ ದುಡಿಮೆಯೆಂಬ ಹೆಸರು ಬರಲು ನಲವತ್ತೇಳು ವರ್ಷಗಳಾದುವು.

ಕೆಲಸದ ದಾಖಲೆಯೇ ಇಲ್ಲದ ಕೃಷಿಕಾರ್ಮಿಕ ಸ್ತ್ರೀಗೆ ಇದೂ ಇಲ್ಲ. ಅವಳಿಗೆ ಇರುವುದು ರಾಜ್ಯದ ನೆರವು. ೧೯೯೫ರ ರಾಷ್ಟ್ರೀಯ ಯೋಜನೆಯಲ್ಲಿ ವೃದ್ಧರಿಗೆ ಕೇಂದ್ರದ ಪಾಲು ಮಾಸಿಕ ೭೫ ರೂಪಾಯಿಗಳಾಗಿದ್ದು, ತರುವಾಯ ಅದು ೨೦೦ಕ್ಕೆ ಏರಿತು. ಕರ್ನಾಟಕವು ೨೦೦೭ರಲ್ಲಿ ಸಂಧ್ಯಾಸುರಕ್ಷಾ ಯೋಜನೆಯನ್ನೂ, ೨೦೨೩ರಲ್ಲಿ ಮನೆಯ ಯಜಮಾನಿಗೆ ಮಾಸಿಕ ೨,೦೦೦ ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯನ್ನೂ ಆರಂಭಿಸಿತು. ಇವುಗಳ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ನೆರವು ಸರಕಾರದ ನಿರ್ಧಾರವನ್ನು ಅವಲಂಬಿಸಿದೆ, ಹಕ್ಕು ಹಾಗಲ್ಲ.

೮. ಉಪಸಂಹಾರ

ಮೇಲಣ ವಿವೇಚನೆಯಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಸ್ವಾಮ್ಯದ ಹಕ್ಕಿನಲ್ಲಿ ಕನ್ನಡನಾಡಿನ ಸ್ತ್ರೀಯು ಜೀವನಾಂಶದಿಂದ ಪಾಲಿಗೆ, ಪಾಲಿನಿಂದ ಸಮಭಾಗಕ್ಕೆ ನಡೆದುಬಂದಿದ್ದಾಳೆ. ನಡುವೆ ಹಿಂದಕ್ಕೆ ತಳ್ಳಲ್ಪಟ್ಟುದೂ ಉಂಟು. ದುಡಿಮೆಯ ಹಕ್ಕಿನಲ್ಲಾದರೋ ನಿಯಮಗಳನ್ನು ರಚಿಸಿದವರ ಕಣ್ಣಮುಂದೆ ಇದ್ದುದು ಇಪ್ಪತ್ತರಲ್ಲಿ ಸೇರಿ ಐವತ್ತೆಂಟರಲ್ಲಿ ಬಿಡುವ, ನಡುವೆ ಎಂದೂ ನಿಲ್ಲದ ಪುರುಷನ ಜೀವನ. ಸ್ತ್ರೀಯ ದುಡಿಮೆ ಆ ಅಳತೆಗೆ ಹೊಂದುವುದಿಲ್ಲ. ಹೊಂದದಿರುವುದು ಅವಳ ದೋಷವಲ್ಲ, ಅಳತೆಯ ದೋಷ. ಅವಳು ಹೊರಗಿನ ಕೆಲಸವನ್ನು ನಿಲ್ಲಿಸಿದ ವರ್ಷಗಳಲ್ಲಿ ಸಹ ಮನೆಯೊಳಗೆ ಕೆಲಸವನ್ನು ನಿಲ್ಲಿಸಿದವಳಲ್ಲ.

ಈ ವಿಷಯದಲ್ಲಿ ಆಗಬೇಕಾದ ಸಂಶೋಧನೆ ಬಹಳವಿದೆ. ಮುನಸೀಫ್ ನ್ಯಾಯಾಲಯಗಳ ಜೀವನಾಂಶದ ದಾವೆಗಳು, ಕುಟುಂಬಗಳ ವಿಭಾಗಪತ್ರಗಳು, ಕಾಫಿ ತೋಟಗಳ ಹಾಜರಿ ಪುಸ್ತಕಗಳು, ಗಿರಣಿಗಳ ವೇತನಪಟ್ಟಿಗಳು ಧೂಳು ಹಿಡಿಯುತ್ತಿವೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳಲ್ಲಿ ಕೂಲಿಗೆ ಹೋಗುತ್ತಿದ್ದ ಅಜ್ಜಿಯಂದಿರು ಇನ್ನೂ ಇದ್ದಾರೆ. ದಿನಕ್ಕೆ ಎಷ್ಟು ಕೂಲಿ ಬರುತ್ತಿದ್ದಿತು, ಗಂಡಾಳಿಗೆ ಎಷ್ಟು ಬರುತ್ತಿದ್ದಿತು, ಆ ಹಣ ಯಾರ ಕೈಸೇರುತ್ತಿದ್ದಿತು, ಈಗ ಕೈಯಲ್ಲಿ ಉಳಿದಿರುವುದೇನು ಎಂದು ಕೇಳಿ ಬರೆದಿಡುವುದಕ್ಕೆ ದೊಡ್ಡ ಗ್ರಂಥಭಂಡಾರದ ಅವಶ್ಯಕತೆಯಿಲ್ಲ. ಅತ್ತಿಮಬ್ಬೆಗೆ ಶಾಸನವಿದೆ. ಇವರಿಗೆ ಶಾಸನವಿಲ್ಲ, ಇವರ ನೆನಪೇ ಶಾಸನ. ಅ​ದು ಅಳಿಯುವ ಮುಂಚೆ ಓದಿಕೊಳ್ಳುವುದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ.